ತಂಗಿಯ ಎಂಜಲಿಗೆ ಆಸೆಪಟ್ಟವಳು

ಲೋಕದಲ್ಲಿ ಹೊಟ್ಟೆಕಿಚ್ಚಿಗೆ ವಸ್ತುಗಳ ಕೊರತೆಯಿಲ್ಲ. ಪಕ್ಕದ ಮನೆಯವರ ಕಾರು, ಜೊತೆಯಲ್ಲಿ ಕೆಲಸ ಮಾಡುವವನ ಬಡ್ತಿ, ಗೆಳತಿಯ ಗಂಡನ ತುಂಬು ತಲೆಗೂದಲು, ಹೀಗೆ ಅವರವರು ತಮ್ಮ ಯೋಗ್ಯತೆಗೆ ತಕ್ಕದ್ದನ್ನು ಆರಿಸಿಕೊಂಡು ಉರಿದುಕೊಳ್ಳುತ್ತಾರೆ. ಆದರೆ ಇನ್ನೊಬ್ಬರ ಎಂಜಲು ಕಂಡು ಹೊಟ್ಟೆ ಉರಿದುಕೊಂಡವರು ಎಷ್ಟು ಮಂದಿ ಇದ್ದಾರು? ಹುಡುಕಿದರೆ ಸಿಗುವುದು ಒಬ್ಬಳೇ. ಕನ್ನಡಕದಂಗಡಿಯವರ ಮಗಳು, ಜೀವರಸಾಯನಶಾಸ್ತ್ರದ ಪದವಿ ತರಗತಿಯ ಕೊನೆಯ ವರ್ಷದ ವೀರಾಗ್ರಣಿ, ಮನೆಮಂದಿಯ ಬಾಯಲ್ಲಿ ‘ಅಕ್ಕ’.

ಆ ಹೆಸರು ಬಂದದ್ದೇ ಒಂದು ಅನ್ಯಾಯದ ಕಥೆ. ಅಪ್ಪ ಅಮ್ಮನಿಗೆ ಅವಳು ಒಬ್ಬಳೇ ಮಗಳು. ಒಬ್ಬಳೇ ಮಗಳು ಅಕ್ಕನಾಗುವುದು ಹೇಗೆ? ಅವಳು ಹುಟ್ಟಿದ ಕೆಲವೇ ವಾರಗಳಲ್ಲಿ ಚಿಕ್ಕಮ್ಮನಿಗೂ ಒಂದು ಹೆಣ್ಣುಮಗು ಹುಟ್ಟಿತು. ಆ ಮಗು ಬಾಯಿಬಿಟ್ಟು ಆಡಿದ ಮೊದಲ ಮಾತು ‘ಅಕ್ಕ’. ಅಜ್ಜಿ ಚಪ್ಪಾಳೆ ತಟ್ಟಿದರು, ಅಮ್ಮ ಕಣ್ಣೊರೆಸಿಕೊಂಡರು, ಮನೆಗೆ ಮನೆಯೇ ಇವಳನ್ನು ಅಕ್ಕ ಎಂದು ಕರೆಯತೊಡಗಿತು. ಅಪ್ಪ ಅಮ್ಮ ಆಸೆಯಿಂದ ಇಟ್ಟ ಹೆಸರು ಶಾಲೆಯ ಹಾಜರಿಗೆ ಮಾತ್ರ ಉಳಿಯಿತು. ಮೊದಲ ಮಾತಿನಲ್ಲೇ ತನ್ನ ಹೆಸರನ್ನು ನುಂಗಿದವಳು ಮುಂದೆ ಇನ್ನೇನೇನು ನುಂಗುತ್ತಾಳೋ ಎಂದು ಅಕ್ಕ ತೊಟ್ಟಿಲಲ್ಲೇ ಲೆಕ್ಕ ಹಾಕಿದ್ದಿರಬೇಕು.

ಲೆಕ್ಕ ತಪ್ಪಲಿಲ್ಲ. ಚಿಕ್ಕಮ್ಮ ಚಿಕ್ಕಪ್ಪ ಕೆಲಸದ ಮೇಲೆ ದೂರದ ಊರಿಗೆ ಹೋಗಬೇಕಾದಾಗ ತಂಗಿ ಒಂದು ಸೂಟ್‌ಕೇಸು, ಎರಡು ದಿಂಬು ಹಿಡಿದು ದೊಡ್ಡಮ್ಮನ ಮನೆಗೆ ಬಂದಳು. ಬಂದವಳು ಅಕ್ಕನ ಕೋಣೆಯಲ್ಲೇ ಮಂಚ ಹಾಕಿಸಿಕೊಂಡಳು. ಅಕ್ಕನ ಕಾಲೇಜಿಗೇ ಸೇರಿದಳು, ಅಕ್ಕ ಆರಿಸಿಕೊಂಡ ವಿಷಯವನ್ನೇ ಆರಿಸಿಕೊಂಡಳು.

“ನಿನಗೆ ಬಯೋಕೆಮಿಸ್ಟ್ರಿ ಅಂದ್ರೆ ಅಷ್ಟು ಇಷ್ಟಾನಾ?” ಎಂದು ಅಕ್ಕ ಕೇಳಿದ್ದಳು.

“ಇಷ್ಟಾನೋ ಏನೋ, ಗೊತ್ತಿಲ್ಲ ಕಣೇ ಅಕ್ಕ. ಅರ್ಜಿ ಕೊಡೋ ಕಡೆ ಆ ಸಾಲು ಚಿಕ್ಕದಿತ್ತು. ಬಿಸಿಲು ಬೇರೆ.”

ಒಬ್ಬಳು ಹೈಸ್ಕೂಲಿನಿಂದಲೇ ಜೀವಕೋಶದ ಚಿತ್ರ ಬಿಡಿಸಿ ಬಣ್ಣ ತುಂಬುತ್ತ ಕನಸು ಕಂಡು ಬಂದವಳು, ಇನ್ನೊಬ್ಬಳು ಬಿಸಿಲಿಗೆ ಹೆದರಿ ಬಂದವಳು. ಇಬ್ಬರಿಗೂ ಒಂದೇ ಬೆಂಚು. ದೇವರಿಗೆ ನ್ಯಾಯ ಎನ್ನುವುದು ಇದ್ದಿದ್ದರೆ ಪರೀಕ್ಷೆಯಲ್ಲಾದರೂ ವ್ಯತ್ಯಾಸ ಕಾಣಬೇಕಿತ್ತು. ಕಂಡಿತು, ಆದರೆ ತಿರುಗುಮುರುಗಾಗಿ. ಗ್ಲೂಕೋಸು ಒಡೆದೊಡೆದು ಕೊನೆಗೆ ಪೈರುವೇಟ್ ಆಗುವ ದಾರಿಯನ್ನು ಅಕ್ಕ ದೊಡ್ಡ ಹಾಳೆಯಲ್ಲಿ ಬರೆದು ಕೋಣೆಯ ಗೋಡೆಗೆ ಅಂಟಿಸಿ, ಓಡಾಡುತ್ತ ಬಾಯಿಪಾಠ ಮಾಡಿದಳು. ತಂಗಿ ಮಂಚದ ಮೇಲೆ ಮಲಗಿ ಅದನ್ನೇ ನೋಡುತ್ತ ನೋಡುತ್ತ ನಿದ್ದೆಹೋದಳು. ಪರೀಕ್ಷೆಯಲ್ಲಿ ತಂಗಿಗೆ ಮೊದಲ ಸ್ಥಾನ, ಅಕ್ಕನಿಗೆ ಎರಡನೆಯದು. ಅಕ್ಕ ಮನೆಗೆ ಬಂದವಳೇ ಹಾಳೆಯನ್ನು ಕಿತ್ತು, ತನ್ನ ಮಂಚದಿಂದ ಮಾತ್ರ ಕಾಣುವ ಹಾಗೆ ಬೀರುವಿನ ಹಿಂಬದಿಯ ಗೋಡೆಗೆ ಅಂಟಿಸಿದಳು. ಅಲ್ಲಿಂದ ಅವಳಿಗೂ ಕುತ್ತಿಗೆ ಉಳುಕಿಸಿಕೊಳ್ಳದೆ ಕಾಣುತ್ತಿರಲಿಲ್ಲ.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಎಂಜಲಿನ ವಿಷಯ.

ಮೊದಲ ವರ್ಷದ ಪ್ರಯೋಗಗಳಲ್ಲಿ ಒಂದು ಅಮೈಲೇಸಿನದು. ಅಮೈಲೇಸ್ ಎಂದರೆ ನಮ್ಮೆಲ್ಲರ ಬಾಯಲ್ಲೂ ಊರುವ ಕಿಣ್ವ, ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದು ಅದರ ಕಸುಬು. ಪಿಷ್ಟದ ನೀರಿಗೆ ಐಯೋಡಿನ್ ಹನಿಸಿದರೆ ಕಡುನೀಲಿ. ಪಿಷ್ಟದ ನೀರಿಗೆ ಮೊದಲೇ ಸ್ವಲ್ಪ ಎಂಜಲು ಬೆರೆಸಿ ಬೆಚ್ಚಗಿನ ನೀರಲ್ಲಿ ಇಟ್ಟು, ಆಗಾಗ ಒಂದು ಹನಿ ತೆಗೆದು ಐಯೋಡಿನ್ನಿಗೆ ಬಿಟ್ಟರೆ ನೀಲಿ ಕಂದಾಗಿ, ಕಂದು ಮಾಸಿ, ಕೊನೆಗೆ ಬಣ್ಣವೇ ಇರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಎಂಜಲನ್ನೇ ತರಬೇಕು. ಅಂದು ಅಕ್ಕನ ನೀಲಿ ಬಿಸಿಲಿಗೆ ಮಲಗಿದ ಎಮ್ಮೆಯಂತೆ ಅಲ್ಲಾಡಲಿಲ್ಲ. ಪಕ್ಕದಲ್ಲಿ ತಂಗಿಯ ನೀಲಿ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಮಾಯ.

“ಅಬ್ಬಾ! ಇದೇನು ಬಾಯೋ, ಬೆಂಕಿಯೋ?” ಎಂದರು ವಿಭಾಗದ ಮುಖ್ಯಸ್ಥೆ. ಅವರನ್ನು ಎಲ್ಲರೂ ಬರೀ ಮೇಡಂ ಎನ್ನುತ್ತಿದ್ದರು. ಆ ಕಾಲೇಜಿನಲ್ಲಿ ಮೇಡಂಗಳು ಬೇಕಾದಷ್ಟಿದ್ದರೂ ವಿಶೇಷಣವಿಲ್ಲದ ಮೇಡಂ ಅವರೊಬ್ಬರೇ. ಇಡೀ ತರಗತಿ ತಂಗಿಯ ಟ್ಯೂಬಿನ ಸುತ್ತ ನೆರೆಯಿತು. ಯಾರೋ ಚಪ್ಪಾಳೆ ಕೂಡ ಹೊಡೆದರು. ಅಕ್ಕ ತನ್ನ ನೀಲಿಯನ್ನು ಕಾಯುತ್ತ ಒಬ್ಬಳೇ ನಿಂತಳು.

ಸಂಜೆ ಮನೆಯಲ್ಲಿ ಅಜ್ಜಿಗೆ ಸುದ್ದಿ ಮುಟ್ಟಿತು. ಅಜ್ಜಿ ಇಬ್ಬರಿಗೂ ತಾಯಿಯ ತಾಯಿ, ಹಾಗಾಗಿ ಇಬ್ಬರನ್ನೂ ಸಮವಾಗಿ ಚುಚ್ಚುವ ಹಕ್ಕು ಅವರಿಗಿತ್ತು.

“ಅಲ್ಲ ಕಣೇ, ನಿನ್ನ ಬಾಯಿ ಅಷ್ಟು ಜೋರು. ಎಂಜಲು ಯಾಕೆ ಇಷ್ಟು ಸಾಧು?”

“ಅಜ್ಜೀ!”

“ನಂಗೇನು ಗೊತ್ತು? ನಿಮ್ಮ ಓದೇ ಹಂಗಿರಬೇಕು. ನಮ್ಮ ಕಾಲದಲ್ಲಿ ಉಗುಳಿದ್ರೆ ಬೈತಿದ್ರು, ಈಗ ಮಾರ್ಕ್ಸ್ ಕೊಡ್ತಾರೆ.”

ಅಂದಿನಿಂದ ಅಕ್ಕನ ಎದೆಯಲ್ಲಿ ಒಂದು ಮುಳ್ಳು. ಮಾರ್ಕ್ಸು ಕಷ್ಟಪಟ್ಟರೆ ಬಂದೀತು, ಬುದ್ಧಿ ಓದಿದರೆ ಬೆಳೆದೀತು. ಎಂಜಲನ್ನು ಏನು ಮಾಡುವುದು? ನಡುರಾತ್ರಿ ಪಕ್ಕದ ಮಂಚದಲ್ಲಿ ಬಾಯಿ ತೆರೆದು ಮಲಗಿದವಳ ಕೆನ್ನೆಯಿಂದ ದಿಂಬಿಗೆ ಜೊಲ್ಲು ಸುರಿಯುವುದನ್ನು ನೋಡಿದರೆ ಅಕ್ಕನಿಗೆ ಅತ್ತುಬಿಡೋಣ ಅನಿಸುತ್ತಿತ್ತು. ಯಾವ ಸಾಮ್ರಾಜ್ಞಿಯ ಬೊಕ್ಕಸವೂ ಹೀಗೆ ದಿಂಬಿನ ಗವಸಿನ ಮೇಲೆ ಪೋಲಾಗಿರಲಿಕ್ಕಿಲ್ಲ.

ಮೂರನೇ ವರ್ಷದಲ್ಲಿ ಈ ಮುಳ್ಳು ಈಟಿಯಾಯಿತು. ಕಾರಣ, ಮೇಡಂ ಅವರ ಲ್ಯಾಬು.

ಕಾರಿಡಾರಿನ ತುದಿಯಲ್ಲಿ ಒಂದು ಮುಚ್ಚಿದ ಬಾಗಿಲಿತ್ತು. ಅದರಾಚೆ ಮೇಡಂ ಅವರ ಸ್ವಂತ ಸಂಶೋಧನೆ. ವಿದ್ಯಾರ್ಥಿಗಳಿಗೆ ಪ್ರವೇಶವಿಲ್ಲ. ಮೊದಲ ವರ್ಷದಲ್ಲಿ ಯಾವುದೋ ಸಹಿಗಾಗಿ ಹೋದಾಗ ಅಕ್ಕ ಆ ಬಾಗಿಲ ಸಂದಿಯಿಂದ ಒಳಗೆ ನೋಡಿದ್ದಳು. ಗಾಜಿನ ಉದ್ದನೆಯ ಕೊಳವೆಯೊಂದು ನೆಟ್ಟಗೆ ನಿಂತಿತ್ತು. ಅದರ ಬುಡದಿಂದ ಒಂದೊಂದೇ ಹನಿ ಸಾಲಾಗಿ ಇಟ್ಟ ಟ್ಯೂಬುಗಳಿಗೆ ಬೀಳುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಪುಸ್ತಕದಲ್ಲಿ ‘ಶುದ್ಧೀಕರಿಸಿದ ಕಿಣ್ವ’ ಎಂದು ಒಂದೇ ಸಾಲಿನಲ್ಲಿ ಮುಗಿಯುವುದು ಇಲ್ಲಿ ನಿಧಾನವಾಗಿ, ನಿಜವಾಗಿ, ಹನಿಹನಿಯಾಗಿ ಆಗುತ್ತಿತ್ತು. ಆ ಕ್ಷಣದಲ್ಲಿ ಅಕ್ಕ ತಂಗಿಯನ್ನು ಮರೆತಿದ್ದಳು. ಅವಳ ಜೀವಮಾನದಲ್ಲಿ ಅಂಥ ಕ್ಷಣಗಳು ಹೆಚ್ಚಿಲ್ಲ.

ಪ್ರತಿ ವರ್ಷ ಕೊನೆಯ ವರ್ಷದವರಲ್ಲಿ ಒಬ್ಬರನ್ನು, ಒಬ್ಬರನ್ನು ಮಾತ್ರ, ಮೇಡಂ ಬೇಸಿಗೆ ರಜೆಯಿಡೀ ಆ ಲ್ಯಾಬಿಗೆ ಸೇರಿಸಿಕೊಳ್ಳುತ್ತಿದ್ದರು. ಆ ಜಾಗ ತನ್ನದು ಎಂದು ಅಕ್ಕ ಅಂದೇ ನಿರ್ಧರಿಸಿದ್ದಳು. ನಿರ್ಧಾರವನ್ನು ಮೇಡಂಗೆ ತಿಳಿಸುವುದೊಂದು ಬಾಕಿಯಿತ್ತು.

ಆ ವರ್ಷ ಮೇಡಂ ತರಗತಿಗೆ ಬಂದು ಹೇಳಿದರು:

“ರಜೆಯ ಪ್ರಾಜೆಕ್ಟು ಅಮೈಲೇಸ್ ಮೇಲೆ. ಯಾರು ಬೇಕು ಅಂತ ನಾನು ಮಾರ್ಕ್ಸ್ ನೋಡಿ ಆರಿಸೋದಿಲ್ಲ. ಮುಂದಿನ ವಾರ ಎಲ್ಲರೂ ನಿಮ್ಮ ನಿಮ್ಮ ಲಾಲಾರಸದಿಂದ ಒಂದು ಗ್ರಾಫ್ ತೆಗೆದುಕೊಡಿ. ನೀಲಿ ಹೇಗೆ ಇಳೀತಾ ಹೋಗುತ್ತೆ ಅಂತ ಕಲರಿಮೀಟರಲ್ಲಿ ನೋಡಿ ಗೆರೆ ಎಳೀಬೇಕು. ಒಬ್ಬರಿಗೆ ಒಂದೇ ಟ್ಯೂಬು. ಅದಕ್ಕೆ ಎಷ್ಟು ನೀರು ಬೆರೆಸಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ನಿಮ್ಮ ಬಾಯಿ ನಿಮಗೆ ಗೊತ್ತಿರಬೇಕು.”

ತರಗತಿ ನಕ್ಕಿತು. ಅಕ್ಕ ನಗಲಿಲ್ಲ. ಮಾರ್ಕ್ಸಿನಲ್ಲಿ ಆದರೆ ಎರಡನೆಯವಳು, ಎಂಜಲಿನಲ್ಲಿ ಆದರೆ ಕೊನೆಯವಳು. ವಿಧಿ ಅವಳ ವಿರುದ್ಧ ಮೇಡಂ ರೂಪದಲ್ಲಿ ಬಂದು, ಸೀಮೆಸುಣ್ಣದ ಕೈ ಝಾಡಿಸಿ ಹೊರಟುಹೋಯಿತು.

ಆ ವಾರ ಕನ್ನಡಕದಂಗಡಿಯವರ ಮನೆಯಲ್ಲಿ ಯುದ್ಧಸಿದ್ಧತೆ ನಡೆಯಿತು. ಹುಳಿ ಕಂಡರೆ ಬಾಯಲ್ಲಿ ನೀರೂರುತ್ತದೆ ಎಂದು ಅಕ್ಕ ಬೆಳಗಿಂದ ಸಂಜೆಯವರೆಗೆ ನಿಂಬೆಹೋಳು ಚೀಪಿದಳು. ದವಡೆಗೆ ವ್ಯಾಯಾಮ ಬೇಕೆಂದು ಹಳೆಯ ರಬ್ಬರೊಂದನ್ನು ತೊಳೆದು ಅಗಿದಳು. ಹಲ್ಲು ಜುಮ್ಮೆಂದು ಊಟ ಮಾಡಲಾಗದೆ ಕಣ್ಣಲ್ಲಿ ನೀರು ಹಾಕಿಕೊಂಡಾಗ ಅಜ್ಜಿ ತಮ್ಮ ಕಟ್ಟಿಸಿದ ಹಲ್ಲುಸೆಟ್ಟನ್ನು ಬಟ್ಟಲಿಂದ ತೆಗೆದು ಮುಂದೆ ಹಿಡಿದರು. “ಬೇಕಾದ್ರೆ ಇದನ್ನ ತಗೊಂಡು ಅಗಿ. ನಂಗೆ ರಾತ್ರಿ ಊಟದ ತನಕ ಬೇಡ.”

ಇಷ್ಟು ತಪಸ್ಸಿಗೆ ಫಲ ಬಂದಿದೆಯೇ ಎಂದು ನೋಡಬೇಡವೇ? ಅಮ್ಮ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡಿದ್ದರು. ಹೋಟೆಲಿನ ಮಾಣಿಗಳ ಬಿಳಿ ಕೋಟುಗಳನ್ನು ಹೊಲಿದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವುದು ಅವರ ಕೆಲಸ. ಅಡುಗೆಮನೆಯ ಕಟ್ಟೆಯ ಮೇಲೆ ಪಾತ್ರೆ ತುಂಬ ಬೆಚ್ಚಗಿನ ಗಂಜಿ ಇತ್ತು. ಗಂಜಿ ಎಂದರೆ ಅಪ್ಪಟ ಪಿಷ್ಟ. ಅಕ್ಕ ಎರಡು ಲೋಟಗಳಲ್ಲಿ ಒಂದಿಷ್ಟು ತೆಗೆದುಕೊಂಡಳು. ಗಾಯಕ್ಕೆ ಹಚ್ಚುವ ಐಯೋಡಿನ್ ಶೀಸೆಯನ್ನು ಅಪ್ಪನ ಔಷಧದ ಡಬ್ಬಿಯಿಂದ ಎತ್ತಿ ತಂದಳು. ತಂಗಿಯನ್ನು ಕರೆದಳು.

“ಇದಕ್ಕೆ ಸ್ವಲ್ಪ ಉಗುಳೇ.”

“ಈಗಲೇನಾ? ಸರಿ.” ತಂಗಿ ಯಾಕೆ ಏನು ಎಂದು ಕೇಳಲಿಲ್ಲ. ಬಾಯಿ ಮುಕ್ಕಳಿಸಿ ಬಂದು ಧಾರಾಳವಾಗಿ ಉಗುಳಿದಳು. ಆ ಧಾರಾಳತನವೂ ಅಕ್ಕನಿಗೆ ಕೊಬ್ಬಿನಂತೆ ಕಂಡಿತು. ತನ್ನ ಲೋಟಕ್ಕೆ ತಾನು ಉಗುಳಿದಳು. ಸ್ವಲ್ಪ ಕಾದು ಹನಿ ತೆಗೆದಳು, ಐಯೋಡಿನ್ ಬಿಟ್ಟಳು. ತಂಗಿಯ ಲೋಟದ ಹನಿ ಬಿಳಿಚಿಕೊಂಡಿತು. ಅಕ್ಕನ ಲೋಟದ್ದು ಕಡುನೀಲಿಯಾಗಿ ಮಿನುಗಿತು. ಆ ನೀಲಿಯನ್ನು ನೋಡಿ ಬಂದ ಸಿಟ್ಟಿಗೆ ಅಕ್ಕ ಎರಡೂ ಲೋಟಗಳನ್ನು ಎತ್ತಿ, ಯಾವ ಪಾತ್ರೆಯಿಂದ ತೆಗೆದಿದ್ದಳೋ ಅದೇ ಪಾತ್ರೆಗೆ ಸುರಿದು ಕೋಣೆಗೆ ಹೋದಳು.

ಮರುದಿನ ಅಮ್ಮನ ಕೂಗು ಬೀದಿಯ ತುದಿಗೆ ಕೇಳಿಸಿತು.

“ಯಾರೇ ನನ್ನ ಗಂಜೀನ ನೀರು ಮಾಡಿದ್ದು? ಕಾಲರ್ ನೋಡು, ಬಾಡಿದ ಎಲೆ ತರ ಜೋತುಬಿದ್ದಿದೆ! ಏನು ಹಾಕಿದ್ರಿ ಇದಕ್ಕೆ?”

“ಏನೂ ಇಲ್ಲ ದೊಡ್ಡಮ್ಮ, ನಾನೂ ಅಕ್ಕನೂ ಸ್ವಲ್ಪ ಉಗುಳಿದ್ವಿ” ಎಂದಳು ತಂಗಿ, ಹಾಲು ತಂದಿಟ್ಟೆವು ಎನ್ನುವ ಧಾಟಿಯಲ್ಲಿ.

ಅಮ್ಮ ಅಪ್ಪನ ಕಡೆ ತಿರುಗಿದರು. “ಕೇಳಿದ್ರಾ? ಇದಕ್ಕೇನಾ ಇವರನ್ನ ಕಾಲೇಜಿಗೆ ಕಳಿಸಿದ್ದು? ಮಾಣಿಗಳ ಕೋಟಿಗೆ ಉಗುಳೋಕೆ?”

ಅಪ್ಪ ಯಾರದೋ ಕನ್ನಡಕದ ಗಾಜನ್ನು ಬೆಳಕಿಗೆ ಹಿಡಿದು ಬಹಳ ಗಂಭೀರವಾಗಿ ಒರೆಸುತ್ತಿದ್ದರು. ಅವರ ಹೆಗಲು ಮಾತ್ರ ಕುಲುಕುತ್ತಿತ್ತು.

ಆ ದಿನ ಕಾಲರ್‌ಗಳನ್ನೆಲ್ಲ ಮತ್ತೆ ಗಂಜಿಗೆ ಅದ್ದುತ್ತ ಅಕ್ಕ ಒಂದು ತೀರ್ಮಾನಕ್ಕೆ ಬಂದಳು. ಆ ಎಂಜಲು ತನ್ನ ಬಾಯಲ್ಲಿ ಹುಟ್ಟುವುದಿಲ್ಲ ಎಂದಾದರೆ, ಹುಟ್ಟುವಲ್ಲಿಂದ ತೆಗೆದುಕೊಳ್ಳಬೇಕು. ರಾಜರು ರಾಜ್ಯಗಳನ್ನು ಹೀಗೆಯೇ ಅಲ್ಲವೇ ಗಳಿಸಿದ್ದು?

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರೂ ಬಾಯಿ ಮುಕ್ಕಳಿಸಿ, ಒಂದೊಂದು ಟ್ಯೂಬು ತುಂಬಿ, ತಮ್ಮ ತಮ್ಮ ಸಂಖ್ಯೆ ಬರೆದ ಬಿಳಿ ಪಟ್ಟಿ ಅಂಟಿಸಿ, ತಯಾರಿ ಕೋಣೆಯ ಐಸ್ ಪೆಟ್ಟಿಗೆಯಲ್ಲಿ ನೆಟ್ಟರು. ಉಪಕರಣಗಳು ಬಿಸಿಯಾಗುವ ತನಕ ಚಹಾ ಕುಡಿದು ಬನ್ನಿ ಎಂದರು ಮೇಡಂ. ಎಲ್ಲರೂ ಹೋದರು. ತಂಗಿ ಬಾಗಿಲಲ್ಲಿ ನಿಂತು, “ಬಾರೇ ಅಕ್ಕ, ನಿಂಗೆ ಬಿಸ್ಕತ್ ಕೊಡಿಸ್ತೀನಿ” ಎಂದಳು.

“ನನಗೆ ಹೊಟ್ಟೆ ನೋವು. ನೀನು ಹೋಗು.”

ಹೊಟ್ಟೆಯ ವಿಷಯದಲ್ಲಿ ಅದು ಪೂರ್ತಿ ಸುಳ್ಳಾಗಿರಲಿಲ್ಲ. ತಂಗಿಯ ಹೆಜ್ಜೆ ಸದ್ದು ಅಡಗುತ್ತಲೇ ಅಕ್ಕ ತಯಾರಿ ಕೋಣೆಗೆ ನುಗ್ಗಿದಳು. ಐಸಿನಲ್ಲಿ ಎರಡು ಟ್ಯೂಬುಗಳು ಅಕ್ಕಪಕ್ಕದಲ್ಲೇ, ಹುಟ್ಟಿದಾಗಿನಿಂದ ಹೇಗೋ ಹಾಗೆ, ನಿಂತಿದ್ದವು. ಎರಡರ ಪಟ್ಟಿಗಳನ್ನೂ ಕಿತ್ತಳು, ಅದಲುಬದಲು ಮಾಡಿ ಅಂಟಿಸಿದಳು, ಹೆಬ್ಬೆರಳಿಂದ ಒತ್ತಿದಳು. ಕೋಟೆ ವಶವಾಯಿತು. ಕಾವಲಿಗಿದ್ದದ್ದು ಒಂದು ಹಳೆಯ ಫ್ಯಾನು ಮಾತ್ರ. ಅದು ಟಕ ಟಕ ಎನ್ನುತ್ತ ತಿರುಗುತ್ತಲೇ ಇತ್ತು, ಯಾರಿಗೂ ದೂರು ಹೇಳಲಿಲ್ಲ.

ಪ್ರಯೋಗ ಶುರುವಾಯಿತು. ಅಕ್ಕನಿಗೆ ತನ್ನ ಎಂಜಲಿನ ಜೊತೆ ವರ್ಷಗಟ್ಟಲೆ ಹೆಣಗಿ ಒಂದು ಅಭ್ಯಾಸ ಬಿದ್ದಿತ್ತು. ಅದಕ್ಕೆ ನೀರು ಬೆರೆಸಿದರೆ ಇದ್ದ ಜೀವವೂ ಹೋಗುತ್ತದೆ ಎಂದು ಹೆಚ್ಚುಕಡಿಮೆ ಹಾಗೆಯೇ ಸುರಿಯುವ ಅಭ್ಯಾಸ. ಈ ದಿನವಂತೂ ಕೈಗೆ ಸಿಕ್ಕಿರುವುದು ದಿವ್ಯಾಸ್ತ್ರ. ಉಳಿಸಿಕೊಂಡು ಮಾಡುವುದೇನು? ಟ್ಯೂಬಿನ ತಳದ ಹನಿಯನ್ನೂ ಬಿಡದೆ ಪಿಷ್ಟಕ್ಕೆ ಸುರಿದಳು.

ಸುರಿದು ಪಕ್ಕಕ್ಕೆ ನೋಡಿದಳು. ಅದು ಅವಳ ಇನ್ನೊಂದು ಅಭ್ಯಾಸ. ತಂಗಿ ಎಂದಿನಂತೆ ತನ್ನ ಟ್ಯೂಬಿನಿಂದ ಒಂದೇ ಒಂದು ಹನಿ ತೆಗೆದು, ಅದನ್ನು ಒಂದು ಬೀಕರು ನೀರಿಗೆ ಬೆರೆಸಿ, ಆ ನೀರಿನಲ್ಲಿ ಒಂದಿಷ್ಟನ್ನು ಮಾತ್ರ ಪಿಷ್ಟಕ್ಕೆ ಹಾಕಿದಳು. ಮೂರು ವರ್ಷ ಅಕ್ಕ ಆ ಬೆಂಚನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಆದರೆ ಕಾದದ್ದು ತಂಗಿಗೆ ಏನು ಬಂತು ಎಂದು. ತಂಗಿ ಏನು ಮಾಡುತ್ತಾಳೆ ಎಂಬುದನ್ನು ನೋಡುವ ಪುರುಸೊತ್ತು ಹೊಟ್ಟೆಕಿಚ್ಚಿಗೆ ಎಲ್ಲಿರುತ್ತದೆ?

ತಂಗಿಯ ಮೊದಲ ಹನಿ ನೀಲಿ. ಎರಡನೆಯದೂ ನೀಲಿ. ಮತ್ತೊಂದು, ಮಗದೊಂದು, ಎಲ್ಲವೂ ಕಡುನೀಲಿ. ತಂಗಿಯ ಹುಬ್ಬು ಮೇಲೆ ಹೋಯಿತು. ಅವಳ ಹುಬ್ಬು ಹಾಗೆ ಮೇಲೆ ಹೋದದ್ದನ್ನು ಅಕ್ಕ ಮೂರು ವರ್ಷದಲ್ಲಿ ನೋಡಿರಲಿಲ್ಲ. ಆಹಾ! ಅಕ್ಕನ ಕಿವಿಯಲ್ಲಿ ಕಹಳೆ, ನಗಾರಿ. ಆ ಸಂಭ್ರಮದಲ್ಲೇ ತನ್ನ ಮೊದಲ ಹನಿಯನ್ನು ಐಯೋಡಿನ್ನಿಗೆ ಬಿಟ್ಟಳು.

ಬಣ್ಣವಿಲ್ಲ.

ಏನೋ ತಪ್ಪಾಗಿರಬೇಕೆಂದು ಇನ್ನೊಂದು ಹನಿ ಬಿಟ್ಟಳು. ಬಣ್ಣವಿಲ್ಲ. ಕಲರಿಮೀಟರಿಗೆ ಇಟ್ಟಳು. ಮುಳ್ಳು ಸೊನ್ನೆಯ ಮೇಲೆ ಹಾಯಾಗಿ ಮಲಗಿತು. ಅವಳು ಕೈಗಡಿಯಾರ ನೋಡಿ ಹನಿ ತೆಗೆಯುವ ಮೊದಲೇ ಆ ಬೆಂಕಿ ಎಲ್ಲ ಪಿಷ್ಟವನ್ನೂ ತಿಂದು ಮುಗಿಸಿ ಬಾಯೊರೆಸಿಕೊಂಡಿತ್ತು. ಗೆಲುವೇನೋ ಗೆಲುವೇ, ಆದರೆ ಓಟ ನೋಡಿದವರಿಲ್ಲ. ಗ್ರಾಫಿಗೆ ಗೆರೆ ಬೇಕು, ಗೆರೆಗೆ ಚುಕ್ಕೆಗಳು ಬೇಕು, ಚುಕ್ಕೆಗಳಿಗೆ ನಿಧಾನ ಬೇಕು. ಮತ್ತೆ ಮಾಡೋಣವೆಂದರೆ ಟ್ಯೂಬಿನಲ್ಲಿ ಒಂದು ತೊಟ್ಟೂ ಉಳಿದಿಲ್ಲ. ಕದ್ದುಮುಚ್ಚಿ ಹೊಸದಾಗಿ ಉಗುಳೋಣವೆಂದು ಬಾಯಾಡಿಸಿದಳು. ಭಯಕ್ಕೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. ವಾರವಿಡೀ ಚೀಪಿದ ನಿಂಬೆಹೋಳುಗಳೆಲ್ಲ ಎಲ್ಲಿ ಹೋದವೋ!

ಅಷ್ಟರಲ್ಲಿ ತಂಗಿ ತನ್ನ ಬೀಕರಿನ ನೀರನ್ನು ಚೆಲ್ಲಿದ್ದಳು. ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದಳು. ಒಂದು ಸಲ ಅಕ್ಕನ ಕಡೆ ನೋಡಿದಳು. ಮತ್ತೆ ಮೊದಲಿಂದ, ಈ ಸಲ ನೀರು ಕಡಿಮೆ ಮಾಡಿ ಬೆರೆಸಿದಳು. ಅದೂ ಸಾಲದೆಂದು ಇನ್ನೂ ಕಡಿಮೆ ಮಾಡಿದಳು. ಎಲ್ಲರೂ ಮುಗಿಸಿ ಕೈ ತೊಳೆದರೂ ಅವಳು ಹನಿ ತೆಗೆಯುತ್ತಲೇ ಇದ್ದಳು. ನೀಲಿ ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂತು, ಮದುವೆಮನೆಯ ಹುಡುಗಿಯ ಹಾಗೆ ತಲೆತಗ್ಗಿಸಿಕೊಂಡು, ಅವಸರವಿಲ್ಲದೆ.

ಮರುದಿನ ಮೇಡಂ ಎಲ್ಲರ ಎದುರು ತಂಗಿಯ ಗ್ರಾಫ್ ಎತ್ತಿ ಹಿಡಿದರು.

“ನೋಡಿ, ಹೀಗಿರಬೇಕು. ಒಂದು ಚುಕ್ಕೆ ಆ ಕಡೆ ಈ ಕಡೆ ಹೋಗಿಲ್ಲ. ಕೆಲಸವೂ ಚೆನ್ನಾಗಿದೆ. ಆದ್ರೆ ನಾನು ಇನ್ನೊಂದು ಮಾತು ಹೇಳ್ಬೇಕು. ಇಷ್ಟು ವರ್ಷದಲ್ಲಿ ಇಷ್ಟು ಸಮಾಧಾನದ, ಮರ್ಯಾದಸ್ಥ ಲಾಲಾರಸ ನಾನು ನೋಡಿಲ್ಲ. ನನ್ನ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ರಜೆ ಪೂರ್ತಿ ಇದನ್ನೇ ಉಪಯೋಗಿಸೋಣ.”

ತರಗತಿ ಚಪ್ಪಾಳೆ ತಟ್ಟಿತು. ತಂಗಿ ತಲೆತಗ್ಗಿಸಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಅಕ್ಕನ ಸ್ಥಿತಿಯನ್ನು ಹೇಗೆ ಹೇಳುವುದು? ಲ್ಯಾಬಿನ ಜಾಗ ಹೋಯಿತು. ಅದನ್ನು ಅವಳು ಹಲ್ಲುಕಚ್ಚಿ ನುಂಗಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಸೊನ್ನೆಯ ಗ್ರಾಫಿಗೆ ಎರಡು ಬೈಗುಳ ತಿಂದು ಮನೆಗೆ ಹೋಗಬಹುದಿತ್ತು. ಆದರೆ ಈ ಚಪ್ಪಾಳೆ! ಮೂರು ವರ್ಷ ಬೈದು, ಹೀಯಾಳಿಸಿ, ಬೇಡವೆಂದು ತಾನೇ ಕೈಯಾರೆ ಕೊಟ್ಟುಬಂದ ಎಂಜಲಿಗೆ ‘ಮರ್ಯಾದಸ್ಥ’ ಎಂಬ ಬಿರುದು, ಆ ಬಿರುದು ತಂಗಿಯ ಕೊರಳಿಗೆ. ಅವಳು ಹುಟ್ಟಿದಾಗಿನಿಂದ ಪಟ್ಟ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಬರೀ ಹೊಗೆ. ಅಕ್ಕ ಎದ್ದು ನಿಂತಳು.

“ಅದು ನನ್ನ ಎಂಜಲು!”

ಚಪ್ಪಾಳೆ ಅರ್ಧಕ್ಕೇ ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ನಗು ತಡೆಯಲಾಗದೆ ಕೆಮ್ಮಿದರು.

“ಏನಂದೆ?”

“ಆ ಎಂಜಲು ನಂದು ಮೇಡಂ. ಅವಳದ್ದಲ್ಲ. ನಾನೇ... ಪಟ್ಟಿ ಬದಲಾಯಿಸಿದೆ. ಅವಳದ್ದು ನನಗೆ ಬೇಕಿತ್ತು.”

ಮೇಡಂ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಇಬ್ಬರನ್ನೂ ಎದುರು ನಿಲ್ಲಿಸಿಕೊಂಡರು. ಮೊದಲು ತಂಗಿಯನ್ನು ಕೇಳಿದರು.

“ನಿನಗೆ ಗೊತ್ತಿತ್ತಾ?”

“ಗೊತ್ತಾಯ್ತು ಮೇಡಂ. ನಂದು ಅಷ್ಟು ನೀರು ಹಾಕಿದ್ರೂ ಓಡುತ್ತೆ. ಇದು ಅಲ್ಲಾಡಲಿಲ್ಲ. ಇಷ್ಟು ನಿಧಾನದ್ದು ನಮ್ಮ ಕ್ಲಾಸಲ್ಲಿ ಅಕ್ಕಂದು ಒಂದೇ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಅಕ್ಕನ್ನ ಹೊರಗೆ ಹಾಕ್ತಿದ್ರಿ. ಮನೆಗೆ ಹೋಗಿ ಒಂದೇ ಕೋಣೇಲಿ ಮಲಗಬೇಕಲ್ಲ ಮೇಡಂ.”

“ನನ್ನನ್ನ ಕಾಪಾಡು ಅಂತ ನಿನ್ನ ಯಾರೇ ಕೇಳಿದ್ದು?” ಅಕ್ಕ ಸಿಡಿದಳು. ಒಳ್ಳೆಯತನದಲ್ಲೂ ತಂಗಿಯೇ ಮುಂದೆ ಎಂಬುದು ಅವಳಿಗೆ ಆಗಷ್ಟೇ ಹೊಳೆದಿತ್ತು.

“ಮುಚ್ಚು ಬಾಯಿ” ಎಂದರು ಮೇಡಂ. “ಕದ್ದವಳಿಗೆ ಕೋಪ ಬೇರೆ. ಇಲ್ಲಿ ಕೇಳು. ನಿನ್ನ ಎಂಜಲಿಟ್ಟುಕೊಂಡು ನೀನು ಸುಮ್ಮನೆ ಕೂತಿದ್ರೆ ಈ ಗೆರೆ ನಿಂದಾಗ್ತಿತ್ತು. ಬೇಗ ಆಗೋದೇ ಒಳ್ಳೇದು ಅಂತ ನಿನಗೆ ಯಾರು ಹೇಳಿದ್ರು?”

“ಮೊದಲ ವರ್ಷ ನೀವೇ... ಬೆಂಕಿ ಅಂದ್ರಿ.”

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಅಂದಿದ್ದೆ. ಬೆಂಕಿ ನೋಡೋಕೆ ಚೆನ್ನಾಗಿರುತ್ತೆ, ಅಳೆಯೋಕಾಗಲ್ಲ. ಅದನ್ನೂ ಆವತ್ತೇ ಹೇಳ್ಬೇಕಿತ್ತು. ಅದು ನನ್ನ ತಪ್ಪು. ಪಟ್ಟಿ ಕಿತ್ತಿದ್ದು ನಿನ್ನ ತಪ್ಪು. ಗೆರೆ ಎಳೆದಿದ್ದು ಇವಳ ಕೆಲಸ, ಆದ್ದರಿಂದ ಜಾಗ ಇವಳಿಗೆ. ಎಂಜಲಿಗೆ ಸೀಟು ಕೊಡೋ ಪದ್ಧತಿ ನಮ್ಮ ವಿಭಾಗದಲ್ಲಿಲ್ಲ. ಆದ್ರೆ ನನಗೆ ಆ ಎಂಜಲು ಬೇಕು. ರಜೇಲಿ ದಿನಾ ಬೆಳಿಗ್ಗೆ ಬಂದು ಒಂದು ಟ್ಯೂಬ್ ಕೊಟ್ಟು ಹೋಗ್ತೀಯಾ?”

“ಬರ್ತೀನಿ” ಎಂದಳು ಅಕ್ಕ. ಕೇಳುವುದು ಮುಗಿಯುವ ಮೊದಲೇ ಎಂದಳು.

ಹೀಗೆ ಬೇಸಿಗೆಯ ರಜೆಯಲ್ಲಿ ಅಕ್ಕ ಪ್ರತಿ ಬೆಳಿಗ್ಗೆ ಹೊರಡತೊಡಗಿದಳು. ಅಮ್ಮನಿಗೆ ವಿಷಯ ತಿಳಿದಾಗ ಒಂದು ದಿನ ಮಾತಾಡಲಿಲ್ಲ, ಮರುದಿನ ಮಾತಾಡಿದ್ದನ್ನು ಬರೆಯದಿರುವುದು ಒಳ್ಳೆಯದು. ಅಜ್ಜಿ ಮಾತ್ರ ದಿನವೂ ಬಾಗಿಲಲ್ಲಿ ಕೂತು ಬೀಳ್ಕೊಡುತ್ತಿದ್ದರು.

“ಉಗುಳಿ ಬರೋಕೆ ಇಸ್ತ್ರಿ ಬಟ್ಟೆ ಯಾಕೇ?”

“ಮೇಡಂ ಇರ್ತಾರೆ ಅಜ್ಜಿ.”

“ಹಂಗಾದ್ರೆ ಚೆನ್ನಾಗಿ ಉಗುಳು. ಮನೆ ಮಾನ ಉಳಿಸು.”

ಕಾರಿಡಾರಿನ ತುದಿಯ ಬಾಗಿಲ ಮುಂದೆ ಒಂದು ಸ್ಟೂಲು. ಅಕ್ಕ ಬಾಯಿ ಮುಕ್ಕಳಿಸಿ, ಆ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಟ್ಯೂಬು ತುಂಬುತ್ತಿದ್ದಳು. ಬಿಳಿ ಕೋಟು ತೊಟ್ಟ ತಂಗಿ ಹೊರಗೆ ಬಂದು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಐಸಿನಲ್ಲಿಟ್ಟು, ಒಳಗೆ ಒಯ್ಯುತ್ತಿದ್ದಳು. ಬಾಗಿಲು ಮುಚ್ಚುತ್ತಿತ್ತು. ಆ ತಣ್ಣನೆಯ ಕೋಣೆಗೆ, ಆ ಗಾಜಿನ ಕೊಳವೆಯ ಹತ್ತಿರಕ್ಕೆ, ಆ ಹನಿಗಳು ಬೀಳುವ ಮೌನಕ್ಕೆ, ತಾನು ಕಾಲಿಡಬೇಕೆಂದು ಹಂಬಲಿಸಿದಲ್ಲಿಗೆಲ್ಲ ತನ್ನ ಎಂಜಲು ರಾಜಮರ್ಯಾದೆಯಲ್ಲಿ ಹೋಗುತ್ತಿತ್ತು. ತಾನು ಸ್ಟೂಲಿನ ಮೇಲೆ. ಮೂರು ವರ್ಷ ತಂಗಿಯ ಎಂಜಲಿಗೆ ಕರುಬಿದವಳು ಈಗ ತನ್ನದಕ್ಕೇ ಕರುಬಬೇಕಾಯಿತು.

ಒಂದು ಬೆಳಿಗ್ಗೆ ತಂಗಿ ಟ್ಯೂಬು ತೆಗೆದುಕೊಂಡು ಬಾಗಿಲನ್ನು ಹಾಗೇ ತೆರೆದು ನಿಂತಳು. “ಮೇಡಂ ಮೀಟಿಂಗಿಗೆ ಹೋಗಿದ್ದಾರೆ. ಬಾರೇ, ಒಂದ್ಸಲ ನೋಡಿಬಿಡು. ಯಾರಿಗೂ ಹೇಳಲ್ಲ.”

ಒಳಗಿನ ಚಳಿ ಅಕ್ಕನ ಕಾಲಿಗೆ ತಾಗಿತು. ಕೊಳವೆಯ ತುದಿ ಕಾಣಿಸಿತು. ಅವಳು ಒಂದು ಹೆಜ್ಜೆ ಎತ್ತಿದಳು, ಎತ್ತಿದ್ದನ್ನು ಅಲ್ಲೇ ಇಟ್ಟಳು.

“ಬೇಡ. ಅವರು ಇರೋವಾಗ, ಅವರೇ ಕರೀಲಿ.”

“ಅವರು ಕರೀಬೇಕಾದ್ರೆ ನೀನು ಏನಾದ್ರೂ ಮಾಡಿ ತೋರಿಸ್ಬೇಕಲ್ಲ.”

“ಗೊತ್ತು ಕಣೇ. ನಿಂದು ಒಂದು ಟ್ಯೂಬ್ ಕೊಡು.”

“ನಂದಾ? ಮತ್ತೆ ಕದಿಯೋಕಾ?”

“ಕೇಳ್ತಾ ಇದ್ದೀನಲ್ಲ. ಕೇಳಿ ತಗೊಂಡ್ರೆ ಕದ್ದ ಹಾಗೆ ಆಗುತ್ತಾ? ಬೆಂಕಿ ಅಳೆಯೋಕಾಗಲ್ಲ ಅಂದ್ರಲ್ಲ ಮೇಡಂ, ಅದನ್ನ ಅಳೆದು ತೋರಿಸ್ತೀನಿ.”

ತಂಗಿ ನಕ್ಕು, ಬಾಯಿ ಮುಕ್ಕಳಿಸಿ ಬಂದು, ಎಂದಿನ ಧಾರಾಳದಲ್ಲಿ ಒಂದು ಟ್ಯೂಬು ತುಂಬಿಕೊಟ್ಟಳು. ಅಕ್ಕ ಅದನ್ನು ಹಿಡಿದು ವಿದ್ಯಾರ್ಥಿಗಳ ಖಾಲಿ ಲ್ಯಾಬಿಗೆ ಹೋದಳು. ಪಕ್ಕದ ಬೆಂಚಿನಲ್ಲಿ ನೋಡಲು ಯಾರೂ ಇರಲಿಲ್ಲ, ಹಾಗಾಗಿ ಕೈ ಮಾಡುವುದನ್ನೇ ನೋಡಬೇಕಾಯಿತು. ಒಂದು ಹನಿಗೆ ಒಂದು ಬೀಕರು ನೀರು ಬೆರೆಸಿ ಪಿಷ್ಟಕ್ಕೆ ಹಾಕಿದಳು. ಬಣ್ಣವಿಲ್ಲ. ಇನ್ನಷ್ಟು ನೀರು. ಆಗಲೂ ಇಲ್ಲ. ಮತ್ತೂ ಬೆರೆಸಿದಳು. ಈಗ ಐಯೋಡಿನ್ನಿನಲ್ಲಿ ಒಂದು ಚೂರು ನೀಲಿ ತಲೆ ಎತ್ತಿ, ಅವಳು ನೋಡುತ್ತಿದ್ದಂತೆಯೇ ಮುಂದಿನ ಹನಿಗೆ ಮುಳುಗಿತು.

“ಹಾಳಾದ್ದು, ಎಷ್ಟು ನೀರು ಕುಡಿಸಿದ್ರೂ ಸೊಕ್ಕು ಇಳಿಯಲ್ಲ ಇದಕ್ಕೆ” ಎಂದು ಗೊಣಗುತ್ತ ಅಕ್ಕ ನಲ್ಲಿ ತಿರುಗಿಸಿ ಬೀಕರು ತೊಳೆದಳು, ತೋಳು ಮೇಲೆ ಮಡಚಿಕೊಂಡು ಇನ್ನೊಂದು ಹನಿ ತೆಗೆದಳು.